ಸದ್ದು ನಿಂತ ಮೇಲೆ

ಮೈಸೂರಿನ ಚಾಮುಂಡಿಪುರದ ಆ ಬೀದಿಯಲ್ಲಿ ಗಣಿತದ ಮೇಷ್ಟ್ರು ಮನೆಗೆ ಬಂದದ್ದು ತಿಳಿಯಲು ಯಾರೂ ಬಾಗಿಲು ತಟ್ಟಬೇಕಿರಲಿಲ್ಲ. ಅವರ ಹೀರೋ ಹೋಂಡಾ ಸಿ.ಡಿ. 100 ಬೀದಿಯ ತಿರುವಿನಲ್ಲಿರುವಾಗಲೇ ಒಳಗೆ ಹೆಂಡತಿ ಕಾಫಿಗೆ ಹಾಲು ಇಡುತ್ತಿದ್ದರು. 1988ರಲ್ಲಿ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಸಾಲ ಮಾಡಿ ಕೊಂಡ ಗಾಡಿ ಅದು. ಮದುವೆಯ ಲಗ್ನಪತ್ರಿಕೆ ಹಂಚಿದ್ದು ಅದರ ಮೇಲೆ. ಮಗನನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ದಸರಾ ದೀಪ ತೋರಿಸಿದ್ದು ಅದರ ಮೇಲೆ. 2022ರಲ್ಲಿ ಮೇಷ್ಟ್ರು ನಿವೃತ್ತರಾದರು, ಗಾಡಿ ಆಗಲಿಲ್ಲ. 2023ರಲ್ಲಿ ಆರ್.ಟಿ.ಓ. ಕಚೇರಿಗೆ ಅಲೆದು ಅದಕ್ಕೆ ಇನ್ನೂ ಐದು ವರ್ಷದ ಆಯುಸ್ಸು ಬರೆಸಿಕೊಂಡು ಬಂದರು.

ಗಾಡಿಯನ್ನು ಅವರು ಪ್ರೀತಿಸುತ್ತಿದ್ದರು ನಿಜ. ಆದರೆ ಅದರ ಹೊಟ್ಟೆಯೊಳಗೆ ಏನಿದೆಯೆಂದು ಎಂದೂ ಯೋಚಿಸಿದವರಲ್ಲ. 1985ರಲ್ಲಿ ಈ ಗಾಡಿ ಮಾರುಕಟ್ಟೆಗೆ ಬಂದಾಗ ಅದರ ಜಾಹೀರಾತು ಹೇಳಿದ್ದೂ ಅದನ್ನೇ: ಪೆಟ್ರೋಲು ತುಂಬಿಸಿ, ಮುಚ್ಚಳ ಹಾಕಿ, ಮರೆತುಬಿಡಿ. ಮೇಷ್ಟ್ರು ಶಿಸ್ತಿನ ಮನುಷ್ಯ. ಮರೆಯಬೇಕೆಂದರೆ ಪೂರ್ತಿ ಮರೆಯುವವರು.

ಹೋದ ಮಳೆಗಾಲ ಕಳೆಯುವ ಹೊತ್ತಿಗೆ ಎಂಜಿನ್ನಿನ ಎಡಬದಿಯಿಂದ ಒಂದು ಸದ್ದು ಶುರುವಾಯಿತು. ಬೆಳಿಗ್ಗೆ ಕಿಕ್ ಹೊಡೆದ ಕೂಡಲೇ 'ಚರಚರ', ಬಾವಿಗೆ ಸರಪಣಿ ಇಳಿಬಿಟ್ಟ ಹಾಗೆ. ಓಡುತ್ತಿರುವಾಗ ಸ್ವಲ್ಪ ಕಡಿಮೆ, ಆಕ್ಸಿಲರೇಟರ್ ಬಿಟ್ಟ ತಕ್ಷಣ ಮತ್ತೆ ಜೋರು. ಮೊದಲು ಗಮನಿಸಿದವನು ಮಗ. ಎಂಜಿನಿಯರಿಂಗ್ ಎರಡನೇ ವರ್ಷದ ಹುಡುಗ.

"ಅಪ್ಪಾ, ಗಾಡಿ ಏನೋ ಶಬ್ದ ಮಾಡ್ತಿದೆ."

"ವಯಸ್ಸಾಯ್ತಲ್ಲ ಮರಿ, ಮಾಡುತ್ತೆ" ಅಂದರು ಮೇಷ್ಟ್ರು.

ಅದೇ ದಿನಗಳಲ್ಲಿ ಹುಡುಗ ಇನ್ನೊಂದು ಮಾತನ್ನೂ ಹೇಳಿದ್ದ. ರಾತ್ರಿ ಊಟಕ್ಕೆ ಕೂತಾಗ, ತಟ್ಟೆ ನೋಡುತ್ತಾ, "ಈ ಸಲ ಎಂ-3 ಕ್ಲಾಸಿನಲ್ಲಿ ಏನೂ ಅರ್ಥ ಆಗ್ತಿಲ್ಲ" ಅಂದಿದ್ದ. ಎಂ-3 ಎಂದರೆ ಮೂರನೇ ಸೆಮಿಸ್ಟರಿನ ಗಣಿತ. ಮೇಷ್ಟ್ರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಮೂವತ್ತು ವರ್ಷಕ್ಕೂ ಮಿಕ್ಕಿ ಊರಿನ ಮಕ್ಕಳಿಗೆಲ್ಲ ಗಣಿತ ಹೇಳಿಕೊಟ್ಟವರ ಮಗನಿಗೆ ಗಣಿತ ಅರ್ಥವಾಗುವುದಿಲ್ಲವೆಂದರೆ ಕೇಳಿದವರು ಏನಂದಾರು? "ಅರ್ಥ ಆಗ್ತಿಲ್ಲ ಅನ್ನೋ ಮಾತು ಇನ್ನೊಂದು ಸಲ ಬರಬಾರದು. ನಾಳೆಯಿಂದ ಬೆಳಿಗ್ಗೆ ಐದರಿಂದ ಏಳು, ದಿನಕ್ಕೆ ಇಪ್ಪತ್ತು ಲೆಕ್ಕ" ಎಂದು ತೀರ್ಪು ಕೊಟ್ಟರು. ಮರುದಿನವೇ ಅಲಾರಂ ಹೊಡೆಯಿತು. ಒಂದು ವಾರ ಹುಡುಗ ಗೊಣಗಿದ. ಆಮೇಲೆ ಗೊಣಗುವುದು ನಿಂತಿತು. ಮೇಷ್ಟ್ರಿಗೆ ತೃಪ್ತಿಯಾಯಿತು. 'ಮಾತು ಬೆಳ್ಳಿ, ಮೌನ ಬಂಗಾರ' ಎಂಬ ಗಾದೆಯನ್ನು ತರಗತಿಯಲ್ಲಿ ಸಾವಿರ ಸಲ ಹೇಳಿದವರು ಅವರು.

ಗಾಡಿ ಮಾತ್ರ ಗೊಣಗುತ್ತಲೇ ಇತ್ತು. ಪಾಠಕ್ಕೆ ಬರುವ ಮಕ್ಕಳು ನಗತೊಡಗಿದರು. "ಏನೂಂದ್ರೆ, ಅದನ್ನೊಮ್ಮೆ ತೋರಿಸಬಾರದೇ?" ಎಂದರು ಹೆಂಡತಿ. ಮಾಮೂಲಿನ ಮೇಸ್ತ್ರಿ ಮಗಳ ಮದುವೆಗೆಂದು ಊರಿಗೆ ಹೋಗಿದ್ದ. ಮೇಷ್ಟ್ರಿಗೆ ಕಾಯುವ ಸಹನೆ ಇರಲಿಲ್ಲ. ದೀಪಾವಳಿಯ ಹಿಂದಿನ ದಿನ ರಿಂಗ್ ರಸ್ತೆಯ ಬದಿಯ ಒಂದು ಅಂಗಡಿಗೆ ಹೋದರು. ಅಲ್ಲಿದ್ದ ಹುಡುಗ ಎರಡು ಕ್ಷಣ ಕಿವಿಗೊಟ್ಟು, "ಟೈಮಿಂಗ್ ಚೈನ್ ಸಾರ್. ಚೈನ್ ಹಾಕಿದರೆ ಎಂಜಿನ್ ಬಿಚ್ಚಬೇಕು, ಖರ್ಚು. ಸದ್ದು ನಿಂತರೆ ಸಾಕೋ?" ಎಂದ.

"ಸದ್ದು ನಿಂತರೆ ಸಾಕು" ಅಂದರು ಮೇಷ್ಟ್ರು.

ಅವನು ಎಂಜಿನ್ನಿನ ಅಡಿಯ ಒಂದು ಬೋಲ್ಟ್ ಬಿಚ್ಚಿ, ಸ್ಪ್ರಿಂಗ್ ಹೊರಗೆಳೆದು, ಅದರ ಹಿಂದೆ ಬೆರಳ ತುದಿಯಷ್ಟು ಒಂದು ಉಕ್ಕಿನ ತುಂಡಿಟ್ಟು ಬೋಲ್ಟ್ ಬಿಗಿದ. ಹತ್ತು ನಿಮಿಷದ ಕೆಲಸ. ಕಿಕ್ ಹೊಡೆದರೆ ಸದ್ದು ಮಾಯ. ಗಾಡಿ ಹೊಸದರಂತೆ ತಣ್ಣಗೆ ಮನೆಗೆ ಬಂತು. ಹಾಲು ಒಲೆಯ ಮೇಲೆ ಇರಲಿಲ್ಲ, ಅಂದು ಕಾಫಿ ತಡವಾಯಿತು.

ಹೀಗೆ ಆ ಮನೆಯಲ್ಲಿ ಚಳಿಗಾಲ ಪೂರ್ತಿ ಬಹಳ ನಿಶ್ಶಬ್ದವಾಗಿತ್ತು.

ಯುಗಾದಿಗೆ ಮುಂಚಿನ ಒಂದು ಭಾನುವಾರ ಬೆಳಿಗ್ಗೆ ಅಪ್ಪ, ಮಗ ಚಾಮುಂಡಿ ಬೆಟ್ಟಕ್ಕೆ ಹೊರಟಿದ್ದರು. ಏರು ಅರ್ಧ ಮುಗಿದಿರಬೇಕು. ಎಡಗಾಲಿನ ಪಕ್ಕದಲ್ಲೇ 'ಕರಕರ' ಎಂದು ಕಬ್ಬಿಣ ಕಬ್ಬಿಣವನ್ನು ಕಡಿಯುವ ಸದ್ದು ಬಂತು. ಮಗ ಹಿಂದಿನಿಂದ, "ಅಪ್ಪಾ, ಆಫ್ ಮಾಡಿ, ಆಫ್ ಮಾಡಿ" ಎಂದು ಕೂಗಿದ. ಎಂಜಿನ್ ನಿಲ್ಲಿಸಿ, ಗಾಡಿ ತಿರುಗಿಸಿ, ಇಳಿಜಾರಿನಲ್ಲಿ ಸುಮ್ಮನೆ ಉರುಳಿಸಿಕೊಂಡು ಕೆಳಗೆ ಬಂದರು. ಅಲ್ಲಿಂದ ಮೇಸ್ತ್ರಿಯ ಗ್ಯಾರೇಜಿನವರೆಗೆ ತಳ್ಳಿದ್ದೇ. ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ. ಆಡದೆ ಬಹಳ ದಿನಗಳಾಗಿದ್ದವು ಎಂಬುದು ಮೇಷ್ಟ್ರಿಗೆ ಆಗ ಹೊಳೆಯಿತು.

ಮೇಸ್ತ್ರಿ ಹಳೆಯ ಕಾಲದವರು. ಕೆಲಸ ಕಲಿತದ್ದು ಜಾವಾ, ಯೆಜ್ಡಿಗಳ ಮೇಲೆ. 1996ರಲ್ಲಿ ಮುಚ್ಚಿಹೋದ ಐಡಿಯಲ್ ಜಾವಾ ಕಾರ್ಖಾನೆ ಇದ್ದ ಊರಿನಲ್ಲಿ ಅದೇನೂ ಆಶ್ಚರ್ಯವಲ್ಲ. "ಆ ಗಾಡಿಗಳಲ್ಲಿ ಈ ತಾಪತ್ರಯವೇ ಇಲ್ಲ ಮೇಷ್ಟ್ರೇ. ಟೂ ಸ್ಟ್ರೋಕು. ವಾಲ್ವೂ ಇಲ್ಲ, ಕ್ಯಾಮೂ ಇಲ್ಲ, ಟೈಮಿಂಗ್ ಚೈನೂ ಇಲ್ಲ. ಈ ಫೋರ್ ಸ್ಟ್ರೋಕು ಮೊದಲ ಸಲ ಬಂದಾಗ ಬಿಚ್ಚೋದಕ್ಕೇ ಕೈ ನಡುಗಿತ್ತು" ಎನ್ನುತ್ತಾ ಆಯಿಲ್ ಬಸಿಯಲು ತಟ್ಟೆ ಇಟ್ಟರು. ಬಸಿದ ಆಯಿಲನ್ನು ಬೆರಳಲ್ಲಿ ಕಲಕಿ ನೋಡಿ ಸುಮ್ಮನಾದರು. ಸಾಸಿವೆ ಕಾಳಿನಂಥ ಕಪ್ಪು ಚೂರುಗಳು. ರಬ್ಬರು.

ಅಡಿಯ ಬೋಲ್ಟ್ ಬಿಚ್ಚಿದಾಗ ಸ್ಪ್ರಿಂಗಿನ ಜೊತೆ ಆ ಉಕ್ಕಿನ ತುಂಡೂ ಹೊರಬಂತು. "ಇದನ್ನು ಯಾರು ಹಾಕಿದ್ದು?"

ಮೇಷ್ಟ್ರು ಹೇಳಿದರು. ಮೇಸ್ತ್ರಿ ಬೈಯಲಿಲ್ಲ. ಹುಡುಗನನ್ನು ಹತ್ತಿರ ಕರೆದು, "ಬಾರಪ್ಪಾ ಎಂಜಿನಿಯರ್ರೇ, ನೋಡು" ಎಂದು ಮ್ಯಾಗ್ನೆಟ್ ಕವರ್ ಬಿಚ್ಚಲು ಕೂತರು.

ಪುಲ್ಲರ್ ಹಾಕಿ ಮ್ಯಾಗ್ನೆಟ್ ಕಳಚಿದ ಮೇಲೆ ಒಳಗಿನ ಸಂಸಾರ ಕಂಡಿತು. ಪಿಸ್ಟನ್ನಿನಿಂದ ತಿರುಗುವ ಕ್ರ್ಯಾಂಕಿನ ಮೇಲೊಂದು ಚಿಕ್ಕ ಹಲ್ಲುಚಕ್ರ, ಹೆಡ್ಡಿನಲ್ಲಿರುವ ಕ್ಯಾಮ್‌ಗೆ ಅದರ ಎರಡರಷ್ಟು ಹಲ್ಲಿನ ದೊಡ್ಡ ಚಕ್ರ, ಎರಡನ್ನೂ ಸುತ್ತಿ ಬಂದ ಸಣ್ಣ ಚೈನು. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಗಾಳಿ ಪೆಟ್ರೋಲು ಎಳೆದುಕೊಳ್ಳುವುದು, ಒತ್ತುವುದು, ಉರಿಯುವುದು, ಹೊಗೆ ಬಿಡುವುದು ಎಂಬ ನಾಲ್ಕು ಕೆಲಸಕ್ಕೆ ಕ್ರ್ಯಾಂಕ್ ಎರಡು ಸುತ್ತು ಹೊಡೆಯುತ್ತದೆ. ಅಷ್ಟರಲ್ಲಿ ಕ್ಯಾಮ್ ಒಂದೇ ಸುತ್ತು. ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಒಂದೊಂದು ವಾಲ್ವೂ ಸೆಕೆಂಡಿಗೆ 50 ಸಲ ತೆರೆದು ಮುಚ್ಚಬೇಕು, ಅದೂ ಸರಿಯಾದ ಕ್ಷಣದಲ್ಲಿ. ಆ ಕ್ಷಣವನ್ನು ಕೆಳಗಿನಿಂದ ಮೇಲಕ್ಕೆ ಮುಟ್ಟಿಸುವುದೇ ಈ ಚೈನಿನ ಕೆಲಸ.

"ಚೈನು ರಬ್ಬರಿನ ಹಾಗೆ ಎಳೆದುಕೊಳ್ಳುತ್ತಾ ಅಂಕಲ್?" ಹುಡುಗ ಕೇಳಿದ.

"ಇಲ್ಲಪ್ಪಾ. ಒಂದೊಂದು ಕೊಂಡಿಯ ಪಿನ್ನು ಒಂದೊಂದು ಕೂದಲೆಳೆ ಸವೆಯುತ್ತೆ."

ಮೇಷ್ಟ್ರಿಗೆ ಲೆಕ್ಕ ಕಂಡರೆ ಸುಮ್ಮನಿರಲಾಗದು. ಕೊಂಡಿಗೆ 0.02 ಮಿಲಿಮೀಟರ್ ಸವೆಯಿತೆನ್ನಿ, ಎಂಬತ್ತು ಕೊಂಡಿಯೆಂದಿಟ್ಟುಕೊಂಡರೆ 1.6 ಮಿಲಿಮೀಟರ್. ಯಾವ ಒಂದು ಕೊಂಡಿಯೂ ತಪ್ಪಿತಸ್ಥನಲ್ಲ, ಆದರೂ ಚೈನು ಸಡಿಲ. ಆ ಸಡಿಲವನ್ನು ನುಂಗಿಕೊಳ್ಳಲೆಂದೇ ಟೆನ್ಷನರ್ ಇರುವುದು. ರಬ್ಬರ್ ಉರುಳೆ ಇರುವ ಒಂದು ತೋಳು ಚೈನಿಗೆ ಒರಗಿ ನಿಂತಿರುತ್ತದೆ. ತೋಳನ್ನು ಒಂದು ಕಡ್ಡಿ ತಳ್ಳುತ್ತದೆ, ಕಡ್ಡಿಯನ್ನು ಸ್ಪ್ರಿಂಗ್ ತಳ್ಳುತ್ತದೆ. ಕಡ್ಡಿ ಅದುರದಂತೆ ಒಳಗಿನ ಆಯಿಲ್ ತಡೆಹಿಡಿಯುತ್ತದೆ. ಚೈನು ಎಷ್ಟು ಸಡಿಲವಾದರೆ ತೋಳು ಅಷ್ಟೇ ಮುಂದೆ ಬರುತ್ತದೆ, ಚೈನು ಒದರಿದರೆ ಸ್ವಲ್ಪ ಹಿಂದಕ್ಕೂ ಸರಿಯುತ್ತದೆ. ಯಾರೂ ಬಿಗಿಯಬೇಕಾಗಿಲ್ಲ.

"ಇವನು ಆ ತುಂಡಿಟ್ಟು ಏನು ಮಾಡಿದ ಗೊತ್ತಾ? ಹಿಂದೆ ಸರಿಯೋ ಜಾಗವನ್ನೇ ತೆಗೆದುಬಿಟ್ಟ" ಎನ್ನುತ್ತಾ ಮೇಸ್ತ್ರಿ ಇಕ್ಕಳದಲ್ಲಿ ಉರುಳೆಯನ್ನು ಹೊರತೆಗೆದರು. ರಬ್ಬರು ಪೂರ್ತಿ ಹೋಗಿ ಒಳಗಿನ ಲೋಹ ಹೊಳೆಯುತ್ತಿತ್ತು. ಬಿಗಿದ ಚೈನು ನಾಲ್ಕು ತಿಂಗಳು ಅದನ್ನು ಸವೆಸಿತ್ತು, ಕೊನೆಗೆ ಲೋಹಕ್ಕೇ ತಗುಲಿತ್ತು. "ಬೆಟ್ಟದ ಮೇಲೆ ಚೈನು ಹಲ್ಲು ಹಾರಿದ್ದರೆ ವಾಲ್ವು ಹೋಗಿ ಪಿಸ್ಟನ್‌ಗೆ ಹೊಡೀತಿತ್ತು. ನಿಮ್ಮ ಪುಣ್ಯ."

"ಆದರೆ ಸದ್ದೇ ಇರಲಿಲ್ಲವಲ್ಲ?" ಎಂದರು ಮೇಷ್ಟ್ರು.

"ಸದ್ದು ನಿಂತಿತ್ತು ಮೇಷ್ಟ್ರೇ, ಸವೆಯೋದು ನಿಂತಿರಲಿಲ್ಲ. ಮೊದಲು ಗಾಡಿ ನಿಮಗೆ ಹೇಳ್ತಿತ್ತು. ನೀವು ಅದರ ಬಾಯಿ ಮುಚ್ಚಿಸಿದಿರಿ."

ಮಗ ತಲೆ ತಗ್ಗಿಸಿ ಕೈಯಲ್ಲಿದ್ದ ಸ್ಪ್ಯಾನರನ್ನು ಒರೆಸುತ್ತಿದ್ದ. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದ.

ಹೊಸ ಚೈನು, ಉರುಳೆಗಳು, ತೋಳು, ಸ್ಪ್ರಿಂಗು ಎಲ್ಲವನ್ನೂ ಸೋಮವಾರ ತಂದದ್ದಾಯಿತು. ಜೋಡಿಸುವ ಕೆಲಸಕ್ಕೆ ಮೇಸ್ತ್ರಿ ಹುಡುಗನನ್ನೇ ಕೂರಿಸಿದರು. ಮ್ಯಾಗ್ನೆಟ್ಟಿನ ಮೇಲಿನ 'ಟಿ' ಗುರುತು ಕೇಸಿನ ಗುರುತಿಗೆ ಸರಿಯಾಗಿ ನಿಲ್ಲಬೇಕು, ಆಗ ಪಿಸ್ಟನ್ ತುತ್ತತುದಿಯಲ್ಲಿ ಇರುತ್ತದೆ. ಅದೇ ಹೊತ್ತಿಗೆ ಕ್ಯಾಮ್ ಚಕ್ರದ ಮೇಲಿನ ಸೊನ್ನೆ ಗುರುತು ಹೆಡ್ಡಿನ ಗುರುತಿಗೆ ನೇರ ಬರಬೇಕು. ಒಂದು ಹಲ್ಲು ಆಚೀಚೆಯಾದರೂ ವಾಲ್ವಿನ ಹೊತ್ತು ತಪ್ಪುತ್ತದೆ. ಹುಡುಗ ಗುರುತು ದಾಟಿಸಿಬಿಟ್ಟು ಹಿಂದಕ್ಕೆ ತಿರುಗಿಸಲು ಹೋದ. ಮೇಸ್ತ್ರಿ ಕೈ ಹಿಡಿದರು. "ಹಿಂದಕ್ಕೆ ಬೇಡ. ಎಂಜಿನ್ ಓಡೋ ದಿಕ್ಕಿಗೇ ತಿರುಗಿಸಿ ಪೂರ್ತಿ ಸುತ್ತು ಬಾ. ಆಗ ಮಾತ್ರ ಸಡಿಲವೆಲ್ಲ ಟೆನ್ಷನರ್ ಇರೋ ಮಗ್ಗುಲಿಗೆ ಬರುತ್ತೆ. ಹಿಂದಕ್ಕೆ ತಿರುಗಿಸಿದರೆ ಸಡಿಲ ಆಚೆ ಮಗ್ಗುಲಿಗೆ ಹೋಗಿ ಗುರುತು ಸುಳ್ಳು ಹೇಳುತ್ತೆ." ಎಲ್ಲ ಬಿಗಿದ ಮೇಲೆ ಕೈಯಲ್ಲೇ ನಿಧಾನವಾಗಿ ತಿರುಗಿಸಿ ಎಲ್ಲೂ ತಡೆಯುವುದಿಲ್ಲ ಎಂದು ನೋಡಿದರು. ತಣ್ಣಗಿದ್ದ ಎಂಜಿನ್ನಿನಲ್ಲೇ ಟ್ಯಾಪೆಟ್ಟಿನ ಸಂದನ್ನು 0.05 ಮಿಲಿಮೀಟರಿಗೆ ಇಟ್ಟರು. ಹೊಸ ಆಯಿಲ್ ಹಾಕಿ ಗಾಡಿಯನ್ನು ಶೆಡ್ಡಿನ ಹೊರಗೆ ತಂದರು.

ಕಿಕ್ ಹೊಡೆದಾಗ ಆಯಿಲ್ ಮೇಲೇರುವವರೆಗೆ ಒಂದು ಗಳಿಗೆ ಚರಚರ ಎಂದಿತು. ಆಮೇಲೆ ಅದು ಇಳಿದು, ಒಣ ಎಲೆಯ ಮೇಲೆ ಗಾಳಿ ಹೋದಂತೆ ತೆಳ್ಳನೆಯ ಸರಸರ ಮಾತ್ರ ಉಳಿಯಿತು.

"ಇನ್ನೂ ಸ್ವಲ್ಪ ಇದೆಯಲ್ಲ?" ಎಂದರು ಮೇಷ್ಟ್ರು.

"ಇರಲಿ ಮೇಷ್ಟ್ರೇ. ಅದು ಆರೋಗ್ಯದ ಸದ್ದು." ಮೇಸ್ತ್ರಿ ಒಂದು ಉದ್ದನೆಯ ಸ್ಕ್ರೂಡ್ರೈವರ್ ಎತ್ತಿ ಅದರ ತುದಿಯನ್ನು ಹೆಡ್ಡಿಗೆ ಒತ್ತಿ, ಹಿಡಿಯನ್ನು ಹುಡುಗನ ಕಿವಿಯ ಮುಂದಿನ ಮೂಳೆಗೆ ತಾಗಿಸಿದರು. "ಏನು ಕೇಳುತ್ತೆ?"

"ಟಿಕ್, ಟಿಕ್, ಟಿಕ್."

"ಟ್ಯಾಪೆಟ್ಟು. ಈಗ ಇಲ್ಲಿ?" ತುದಿಯನ್ನು ಎಡಬದಿಗೆ ಸರಿಸಿದರು.

"ಸುಯ್ ಅಂತ, ಬಿಡದೆ ಬರ್ತಿದೆ."

"ಅದು ಚೈನು. ಹೊರಗೆ ನಿಂತವನಿಗೆ ಎಲ್ಲ ಸೇರಿ ಒಂದೇ ಗಲಾಟೆ. ಹತ್ತಿರ ಕಿವಿಯಿಟ್ಟವನಿಗೆ ಒಂದೊಂದೂ ಬೇರೆ. ಮೊದಲು ಆಯಿಲ್ ನೋಡು, ಆಮೇಲೆ ಟ್ಯಾಪೆಟ್ ನೋಡು, ಆಮೇಲೆ ಕಿವಿಯಿಡು. ಸ್ಪ್ಯಾನರ್ ಹಿಡಿಯೋದು ಕೊನೆಗೆ."

ಆ ಸಂಜೆ ಹಿತ್ತಿಲ ನಲ್ಲಿಯಲ್ಲಿ ಅಪ್ಪ, ಮಗ ಬಟ್ಟೆ ಸೋಪಿನ ಪುಡಿ ಹಾಕಿ ಕೈಯ ಗ್ರೀಸು ತಿಕ್ಕುತ್ತಿದ್ದರು. ಹುಡುಗ ನೀರನ್ನೇ ನೋಡುತ್ತಾ ಹೇಳಿದ:

"ಅಪ್ಪಾ, ಎಂ-3 ಹೋಗಿದೆ."

ರಿಸಲ್ಟ್ ಬಂದು ಹತ್ತು ದಿನಗಳಾಗಿದ್ದವು. ಅಮ್ಮನಿಗೂ ಹೇಳಿರಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಇಪ್ಪತ್ತು ಲೆಕ್ಕಗಳನ್ನು ನೋಟ್ಸಿನಿಂದ ನೋಡಿಕೊಂಡು ಬರೆಯುತ್ತಿದ್ದನಂತೆ. ಒಂದೂ ಅರ್ಥವಾಗುತ್ತಿರಲಿಲ್ಲವಂತೆ. ಹೇಳಿದರೆ ಮೂವತ್ತು ಲೆಕ್ಕ ಆಗುತ್ತದೆಂದು ಸುಮ್ಮನಿದ್ದನಂತೆ.

'ಮೊದಲೇ ಬಾಯಿಬಿಟ್ಟು ಹೇಳೋದಕ್ಕೆ ಏನಾಗಿತ್ತು?' ಎಂಬ ಮಾತು ಮೇಷ್ಟ್ರ ನಾಲಗೆಯ ತುದಿಗೆ ಬಂದಿತ್ತು. ಆದರೆ ಹುಡುಗ ಹೇಳಿದ್ದ. ತಟ್ಟೆ ನೋಡುತ್ತಾ, ಅಕ್ಟೋಬರಿನಲ್ಲೇ ಹೇಳಿದ್ದ. ಮೇಷ್ಟ್ರು ಒದ್ದೆ ಕೈಯನ್ನು ಜೇಬಿಗೆ ಹಾಕಿದರು. ಮೇಸ್ತ್ರಿ ಕೊಟ್ಟಿದ್ದ ಆ ಉಕ್ಕಿನ ತುಂಡು ಅಲ್ಲಿತ್ತು. ಅದನ್ನು ತೆಗೆದು ಸ್ವಲ್ಪ ಹೊತ್ತು ನೋಡಿ ನಲ್ಲಿಯ ಕಟ್ಟೆಯ ಮೇಲಿಟ್ಟರು.

"ಎಲ್ಲಿಂದ ಬಿಟ್ಟುಹೋಯ್ತು?" ಎಂದು ಕೇಳಿದರು. ಆ ಧ್ವನಿ ಅವರಿಗೇ ಹೊಸದಾಗಿತ್ತು.

"ಫೂರಿಯೇ ಸೀರೀಸ್‌ನಿಂದ."

ರಾತ್ರಿ ಊಟವಾದ ಮೇಲೆ ಇಬ್ಬರೂ ಜಗಲಿಯಲ್ಲಿ ಕೂತರು. ಮೇಷ್ಟ್ರು ಇಪ್ಪತ್ತು ಲೆಕ್ಕ ಕೊಡಲಿಲ್ಲ, ಒಂದೇ ಒಂದನ್ನು ತೆಗೆದುಕೊಂಡರು. ಅದೂ ಪುಸ್ತಕದ್ದಲ್ಲ. ಎಂಜಿನ್ ಐಡ್ಲಿಂಗ್‌ನಲ್ಲಿ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆಂದುಕೊಳ್ಳೋಣ. ಸೆಕೆಂಡಿಗೆ 25 ಸುತ್ತು. ಕ್ಯಾಮ್ ಅದರ ಅರ್ಧ, ಹಾಗಾಗಿ ಒಂದು ಟ್ಯಾಪೆಟ್ಟಿನ ಟಿಕ್ ಸೆಕೆಂಡಿಗೆ ಹನ್ನೆರಡೂವರೆ ಸಲ. ಚಿಕ್ಕ ಚಕ್ರಕ್ಕೆ 14 ಹಲ್ಲಿದ್ದರೆ ಚೈನು ಹಲ್ಲಿಗೆ ತಗುಲುವುದು ಸೆಕೆಂಡಿಗೆ 350 ಸಲ. ಅದಕ್ಕೇ ಒಂದು ಟಿಕ್ ಟಿಕ್, ಇನ್ನೊಂದು ಬಿಡದ ಸುಯ್. ಎರಡೂ ಕೂಡಿ ಕಾಗದದ ಮೇಲೆ ಬರೆದರೆ ಅಂಕುಡೊಂಕು ಗೆರೆ. ಆ ಗೆರೆ ಮತ್ತೆ ಮತ್ತೆ ಅದೇ ರೀತಿ ಮರುಕಳಿಸುವಂಥದ್ದಾದರೆ ಅದನ್ನು ಸಲೀಸಾದ ಅಲೆಗಳಾಗಿ, ಸೈನ್ ಮತ್ತು ಕೊಸೈನ್‌ಗಳಾಗಿ, ಬಿಡಿಸಬಹುದು. ಫ್ರಾನ್ಸಿನ ಫೂರಿಯೇ 1822ರಲ್ಲಿ ಶಾಖ ಹರಿಯುವ ಬಗೆಯನ್ನು ಕುರಿತ ಗ್ರಂಥದಲ್ಲಿ ತೋರಿಸಿದ ದಾರಿ ಅದು.

ಹುಡುಗ ಪೆನ್ಸಿಲು ಕಚ್ಚಿಕೊಂಡು ಗೆರೆಯನ್ನೇ ನೋಡುತ್ತಿದ್ದ. "ಅಂದರೆ ಆ ಎ-ಎನ್, ಬಿ-ಎನ್ ಕಂಡುಹಿಡಿಯೋದು ಅಂದರೆ..."

"ಹೇಳು."

"ಸ್ಕ್ರೂಡ್ರೈವರ್ ಇಟ್ಟು ಕೇಳಿದ ಹಾಗೆ. ಯಾವ ಸದ್ದು ಎಷ್ಟಿದೆ ಅಂತ ಒಂದೊಂದಾಗಿ ಕೇಳೋದು."

ಇಷ್ಟು ವರ್ಷದ ಪಾಠದಲ್ಲಿ ಅಷ್ಟು ಚೆಂದದ ಉತ್ತರ ಮೇಷ್ಟ್ರು ಕೇಳಿರಲಿಲ್ಲ. ಬೆನ್ನು ತಟ್ಟಬೇಕೆನಿಸಿತು. ಅಭ್ಯಾಸವಿಲ್ಲದ್ದರಿಂದ, "ಹೂಂ, ಮುಂದೆ ಮಾಡು" ಎಂದರು. ಒಳಗಿನಿಂದ ಹೆಂಡತಿ ಎರಡು ಲೋಟ ಹಾಲು ತಂದಿಟ್ಟರು.

ಬೆಳಗಿನ ಐದರ ಅಲಾರಂ ಈಗಿಲ್ಲ. ಸಂಜೆ ಹುಡುಗ ತಾನಾಗಿ ಬಂದು ಕೂರುತ್ತಾನೆ. ಕೆಲವು ದಿನ ಬರುವುದೂ ಇಲ್ಲ. ಬಂದ ದಿನ ಅರ್ಥವಾಗದ್ದನ್ನು ಅರ್ಥವಾಗಲಿಲ್ಲ ಎನ್ನುತ್ತಾನೆ, ಅಪ್ಪನ ವಿವರಣೆ ಚೆನ್ನಾಗಿಲ್ಲವೆಂದು ಜಗಳವಾಡುವುದೂ ಉಂಟು. ಬಾಕಿ ಉಳಿದ ಪರೀಕ್ಷೆಯನ್ನು ಇನ್ನೂ ಬರೆಯಬೇಕು. ಏನಾಗುತ್ತದೋ ಇಬ್ಬರಿಗೂ ಗೊತ್ತಿಲ್ಲ. ಆ ಉಕ್ಕಿನ ತುಂಡು ಮೇಷ್ಟ್ರ ಮೇಜಿನ ಮೇಲೆ ಕಾಗದಗಳು ಹಾರದಂತೆ ಕೂತಿದೆ.

ಮೊನ್ನೆ ಸಂಜೆ ಗಾಡಿ ಬೀದಿಯ ತಿರುವಿನಲ್ಲಿ ಬರುವಾಗ ತೆಳ್ಳಗೆ ಸರಸರ ಕೇಳಿಸಿತು. ಮೇಷ್ಟ್ರು ಒಳಗೆ ಬರುವಷ್ಟರಲ್ಲಿ ಕಾಫಿ ಸಿದ್ಧವಾಗಿತ್ತು.

"ಸರಿಯಾಗಿಲ್ವೇನೂಂದ್ರೆ ಇನ್ನೂ? ಸದ್ದು ಬರ್ತಾನೇ ಇದೆ" ಎಂದರು ಹೆಂಡತಿ.

ಮೇಷ್ಟ್ರು ಲೋಟ ತೆಗೆದುಕೊಂಡು ಮಗನ ಕೋಣೆಯ ಕಡೆ ನೋಡಿದರು. ಒಳಗೆ ಯಾವುದೋ ಲೆಕ್ಕದ ಮೇಲೆ ಅವನು ಜೋರಾಗಿ ಗೊಣಗುತ್ತಿದ್ದ.

"ಬರಲಿ ಬಿಡು" ಎಂದರು.